ಶೇಂಗಾ ಮಾರಿ ಬಿಸ್ಕತ್ತು ತರುವುದೇಕೆ?

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ರಸ್ತೆಯಲ್ಲಿ ತಳಕು ಸಿಗುತ್ತದೆ. ಸುತ್ತಲೂ ಮಳೆಯನ್ನೇ ನಂಬಿದ ಶೇಂಗಾ ಹೊಲಗಳು. ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದೂ ಈ ಬೆಳೆಯಿಂದ, ಇದನ್ನು ನಂಬಿದ ಗಿರಣಿಗಳಿಂದ. ಬೆಳೆ ಬಂದ ವರ್ಷ ಮೂಟೆಗಳು ಮಂಡಿಗೆ ಹೋಗುತ್ತವೆ. ಅಪ್ಪ ಹಿಂದಿರುಗುವಾಗ ಮಗುವಿಗೆಂದು ಬಿಸ್ಕತ್ತು, ಚಿಪ್ಸ್ ಪೊಟ್ಟಣ ತರುತ್ತಾನೆ. ಪ್ರೀತಿಯಿಂದಲೇ ತರುತ್ತಾನೆ, ಅದರಲ್ಲಿ ಸಂಶಯವಿಲ್ಲ. ಆದರೆ ಲೆಕ್ಕ ನೋಡಿ: 100 ಗ್ರಾಂ ಶೇಂಗಾ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಮೈದಾ, ಸಕ್ಕರೆ, ಎಣ್ಣೆ ಸೇರಿಸಿ ಮಾಡಿದ ಬಿಸ್ಕತ್ತಿನಲ್ಲಿ ಅದರ ಕಾಲುಭಾಗ ಸಿಕ್ಕರೆ ಹೆಚ್ಚು. ಮನೆಯಲ್ಲಿದ್ದ ಒಳ್ಳೆಯ ಆಹಾರವನ್ನು ಮಾರಿ, ಕಡಿಮೆಯದನ್ನು ದುಡ್ಡು ಕೊಟ್ಟು ತಂದಂತಾಯಿತು.

ಒಂದರಿಂದ ಮೂರು ವರ್ಷದ ಮಕ್ಕಳ ಊಟವನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕೇ ಎಂದು ಕೆಲವರು ಕೇಳಬಹುದು. ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ. ರಕ್ತಹೀನತೆ ಇರುವ ಮಕ್ಕಳು ನೂರಕ್ಕೆ 65ರಷ್ಟು. ಮೊದಲ ಎರಡು ವರ್ಷಗಳಲ್ಲಿ ಕುಗ್ಗಿದ ಎತ್ತರವನ್ನು ಮುಂದೆ ಪೂರ್ತಿ ತುಂಬಿಕೊಳ್ಳುವುದು ಬಹಳ ಕಷ್ಟ.

ನಮ್ಮ ಕಡೆಯ ಒಂದು ದಿನವನ್ನು ನೆನೆಯಿರಿ. ಕಳೆ ತೆಗೆಯುವ, ಶೇಂಗಾ ಕೀಳುವ ದಿನಗಳಲ್ಲಿ ತಾಯಿ ಬೆಳಿಗ್ಗೆಯೇ ಹೊಲಕ್ಕೆ ಹೋಗುತ್ತಾಳೆ. ಮಗು ಅಜ್ಜಿಯ ಬಳಿ, ಇಲ್ಲವೇ ಅಕ್ಕನ ಕಂಕುಳಲ್ಲಿ. ಮೊಳಕಾಲ್ಮುರಿನ ನೇಕಾರರ ಮನೆಯಾದರೆ ತಾಯಿ ಮನೆಯಲ್ಲೇ ಇರುತ್ತಾಳೆ, ಆದರೆ ರೇಷ್ಮೆ ಸೀರೆಯ ಕೆಲಸ ಬಿಟ್ಟು ಏಳುವಂತಿಲ್ಲ. ಮಗು ಅತ್ತರೆ ಕೈಗೆ ಒಂದು ಪೊಟ್ಟಣ. ಸಂಜೆ ದುಡಿದು ಬಂದು, ನೀರು ತಂದು, ಒಲೆ ಹಚ್ಚಿ, ಮುದ್ದೆ ತಿರುವುವ ಹೊತ್ತಿಗೆ ರಾತ್ರಿಯಾಗುತ್ತದೆ. ಮಗು ಆಗಲೇ ಮಲಗಿಬಿಟ್ಟಿರುತ್ತದೆ. ದೊಡ್ಡವರ ದೊಡ್ಡ ಊಟ ಮಗುವಿಗೆ ಸಿಗುವುದೇ ಇಲ್ಲ. ಇದಕ್ಕೆ ತಾಯಿಯನ್ನು ದೂರುವುದು ಅನ್ಯಾಯ. ಮಗುವಿನ ಊಟಕ್ಕೆ ಬೇರೆ ವೇಳೆ ಬೇಕು, ಅದನ್ನು ಮನೆಯವರೆಲ್ಲ ಸೇರಿ ಏರ್ಪಡಿಸಬೇಕು. ಇದನ್ನು ತಂದೆಯರೂ ಓದಲಿ.

ಈ ವಯಸ್ಸಿನ ಮಗುವಿಗೆ ದಿನಕ್ಕೆ ಸುಮಾರು 1000 ಕ್ಯಾಲೊರಿ ಬೇಕು. ಹೊಲದಲ್ಲಿ ದುಡಿಯುವ ತಾಯಿ ಉಣ್ಣುವುದರ ಹತ್ತಿರ ಹತ್ತಿರ ಅರ್ಧ! ಹೊಟ್ಟೆ ಮಾತ್ರ ಒಂದು ಲೋಟದಷ್ಟು. ಆದ್ದರಿಂದ ಮೂರು ನಾಲ್ಕು ಊಟ, ನಡುವೆ ಒಂದೆರಡು ಸಲ ತಿಂಡಿ. ಎರಡು ವರ್ಷ ತುಂಬುವವರೆಗೆ ಎದೆಹಾಲೂ ಇರಲಿ. ಊಟ ನೀರಾಗಿರಬಾರದು. ರಾಗಿ ಗಂಜಿ ಬೇಯುತ್ತಲೇ ಗಟ್ಟಿಯಾಗುತ್ತದೆ ಎಂದು ನಾವು ನೀರು ಬೆರೆಸುತ್ತೇವೆ. ಮಗುವಿನ ಹೊಟ್ಟೆ ತುಂಬುವುದು ಆ ನೀರಿನಿಂದ.

ಇದಕ್ಕೆ ಉಪಾಯ ಮೊಳಕೆ. ನಾಲ್ಕು ಪಾವು ರಾಗಿಯನ್ನು ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬಟ್ಟೆ ಆರದಂತೆ ನೀರು ಚಿಮುಕಿಸುತ್ತಿದ್ದರೆ ಒಂದೆರಡು ದಿನಗಳಲ್ಲಿ ಮೊಳಕೆ ಬರುತ್ತದೆ. ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಒಂದು ಪಾವು ಹುರಿದ ಹೆಸರುಕಾಳು ಸೇರಿಸಿ ಬೀಸಿಸಿ. ಮೊಳೆಯುವಾಗ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹೀಗಾಗಿ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಅಂಟಾಗದೆ ತೆಳ್ಳಗೇ ಇರುತ್ತದೆ, ಅದೇ ಬಟ್ಟಲಲ್ಲಿ ಹೆಚ್ಚು ಆಹಾರ ಹೋಗುತ್ತದೆ. ರಾಗಿಯ ಕ್ಯಾಲ್ಸಿಯಂ ಎಲ್ಲರಿಗೂ ಗೊತ್ತು: 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ. ಮೊಳಕೆ ಬಂದ ರಾಗಿಯಿಂದ ಅದು ಮೈಗೆ ಹೆಚ್ಚು ಹತ್ತುತ್ತದೆ. ಹಿಟ್ಟು ಡಬ್ಬಿಯಲ್ಲಿದ್ದರೆ ಅಜ್ಜಿಯೇ ಕಾಯಿಸಿ ಕೊಡಬಹುದು. ಶೇಂಗಾ ಪುಡಿಯನ್ನು ಮಾತ್ರ ಅದರಲ್ಲಿ ಬೆರೆಸಿಡಬೇಡಿ. ಅದರ ಎಣ್ಣೆ ಬೇಗ ಕಮಟುತ್ತದೆ. ವಾರಕ್ಕೆ ಬೇಕಾದಷ್ಟು ಕುಟ್ಟಿಕೊಂಡು, ಕೊಡುವಾಗ ಒಂದು ಚಮಚ ಹಾಕಿ.

ಶೇಂಗಾದ ವಿಷಯದಲ್ಲಿ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕಾಗಿದೆ. ಐದು ವರ್ಷದೊಳಗಿನ ಮಗುವಿನ ಕೈಗೆ ಇಡೀ ಬೀಜ ಕೊಡಬೇಡಿ. ಅಂಗಳದ ತುಂಬ ಕಾಯಿ ಹರಡಿರುವ ಕಾಲದಲ್ಲಿ ತೆವಳುವ, ತಪ್ಪುಹೆಜ್ಜೆ ಇಡುವ ಮಕ್ಕಳ ಮೇಲೆ ಒಂದು ಕಣ್ಣಿರಲಿ. ಅರೆಯುವ ಹಲ್ಲು ಸರಿಯಾಗಿ ಬಾರದ ಮಗು ನಗುವಾಗ, ಅಳುವಾಗ, ಓಡುವಾಗ ಬೀಜ ಶ್ವಾಸನಾಳಕ್ಕೆ ಇಳಿದುಬಿಡುತ್ತದೆ. ಒಮ್ಮೆಲೇ ಕೆಮ್ಮು ಬಂದು ಸುಮ್ಮನಾಗಬಹುದು. ಆಮೇಲೆ ದಿನಗಟ್ಟಲೆ ಕೆಮ್ಮು, ಒಂದೇ ಬದಿಯಲ್ಲಿ ಗೊರಗೊರ ಸದ್ದು, ಜ್ವರ. ಶೀತವೆಂದು ಔಷಧಿ ಕುಡಿಸುತ್ತ ಕಾಲ ಕಳೆಯಬೇಡಿ. ತಿನ್ನುವಾಗ ಕೆಮ್ಮು ಶುರುವಾಯಿತು ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ. ಉಸಿರೇ ಕಟ್ಟಿದರೆ ಬಾಯಿಗೆ ಬೆರಳು ಹಾಕಿ ತಡಕಬೇಡಿ. ಮಗುವನ್ನು ಮುಂದಕ್ಕೆ ಬಗ್ಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ತಟ್ಟಿ, ಕೂಡಲೇ 108ಕ್ಕೆ ಕರೆ ಮಾಡಿ. ಹುರಿಗಡಲೆ, ದ್ರಾಕ್ಷಿಗೂ ಇದೇ ಎಚ್ಚರಿಕೆ. ನುಣ್ಣಗೆ ಕುಟ್ಟಿದ ಶೇಂಗಾಕ್ಕೆ ಈ ಭಯವಿಲ್ಲ. ಮೊದಲ ಸಲ ಚಿಟಿಕೆಯಷ್ಟು ಕೊಟ್ಟು, ಮೈಮೇಲೆ ದದ್ದು ಏಳುವುದೇ ಎಂದು ನೋಡಿದರೆ ಸಾಕು. ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ, ಕಹಿಯಾದ ಬೀಜವನ್ನು ಮಗುವಿಗಷ್ಟೇ ಅಲ್ಲ, ಯಾರಿಗೂ ಬಳಸಬಾರದು. ಆ ಬೂಷ್ಟಿನ ವಿಷ ಪಿತ್ತಜನಕಾಂಗಕ್ಕೆ, ಅಂದರೆ ಲಿವರಿಗೆ, ಹಾನಿ ಮಾಡುತ್ತದೆ.

ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ. ಮಗುವಿಗೆ ಅದನ್ನೇ ಬೇಳೆಕಟ್ಟಿನಲ್ಲಿ, ಹುರುಳಿ ಸಾರಿನಲ್ಲಿ ಕಿವುಚಿ, ಒಂದು ಚಮಚ ಎಣ್ಣೆಯೋ ತುಪ್ಪವೋ ಹಾಕಿ. ಖಾರ ಹಾಕುವ ಮೊದಲೇ ಅದರ ಪಾಲು ತೆಗೆದಿಟ್ಟರೆ ಬೇರೆ ಅಡುಗೆ ಬೇಕಿಲ್ಲ. ನುಗ್ಗೆ ಸೊಪ್ಪು ಹಾಕಿದ ದಿನ ನಾಲ್ಕು ಹನಿ ನಿಂಬೆರಸ ಹಿಂಡಿ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಅದು ನೆರವಾಗುತ್ತದೆ. ಚಹಾ ಇದಕ್ಕೆ ತದ್ವಿರುದ್ಧ. ಬೆಳಿಗ್ಗೆ ಮಗುವಿಗೂ ಅರ್ಧ ಲೋಟ ಚಹಾ, ಅದರಲ್ಲಿ ಅದ್ದಿದ ಬಿಸ್ಕತ್ತು ಕೊಡುವ ರೂಢಿ ಅನೇಕ ಮನೆಗಳಲ್ಲಿದೆ. ಹಸಿವನ್ನೂ ಕೊಲ್ಲುತ್ತದೆ, ಕಬ್ಬಿಣಕ್ಕೂ ಅಡ್ಡ ಬರುತ್ತದೆ. ಇದೊಂದನ್ನು ನಿಲ್ಲಿಸಿದರೂ ದೊಡ್ಡ ಉಪಕಾರ. ಮನೆಯ ನಾಟಿ ಕೋಳಿಯ ಮೊಟ್ಟೆಯನ್ನು ಮಾರುವ ಮುನ್ನವೂ ಮಗುವನ್ನು ನೆನೆಯಿರಿ.

ಇನ್ನು “ನಮ್ಮ ಮಗು ಏನೂ ತಿನ್ನೋದಿಲ್ಲ” ಎಂಬ ದೂರು. ಹುಟ್ಟಿದಾಗ ಮೂರು ಕಿಲೋ ಇದ್ದ ಮಗು ವರ್ಷದಲ್ಲಿ ಒಂಬತ್ತಾಗುತ್ತದೆ, ಎರಡನೆಯ ವರ್ಷದಲ್ಲಿ ಸೇರುವುದು ಎರಡೂವರೆ ಕಿಲೋ ಅಷ್ಟೆ. ಬೆಳವಣಿಗೆ ನಿಧಾನವಾದಾಗ ಹಸಿವೂ ತಗ್ಗುತ್ತದೆ, ಅದು ರೋಗವಲ್ಲ. ಮೂಗು ಹಿಡಿದು ತುರುಕುವುದು, ಗುಮ್ಮ ಬಂದನೆಂದು ಹೆದರಿಸುವುದು, ಮೊಬೈಲ್ ತೋರಿಸಿ ನುಂಗಿಸುವುದು, ಇವುಗಳಿಂದ ಮಗುವಿಗೆ ತನ್ನ ಹಸಿವಿನ ಗುರುತೇ ಮರೆತುಹೋಗುತ್ತದೆ. ಏನು ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನು ದೊಡ್ಡವರು ನಿರ್ಧರಿಸಲಿ. ಎಷ್ಟು ತಿನ್ನಬೇಕೆಂಬುದನ್ನು ಮಗುವಿಗೆ ಬಿಡಿ. ಅದಕ್ಕೆಂದೇ ಒಂದು ತಟ್ಟೆ ಇರಲಿ, ನಿಮ್ಮ ಜೊತೆ ಕೂರಲಿ, ಚೆಲ್ಲಲಿ. ಇಂದು ಉಗಿದ ಸೊಪ್ಪನ್ನು ನಾಲ್ಕು ದಿನ ಬಿಟ್ಟು ಮತ್ತೆ ಇಡಿ. ಹತ್ತು ಸಲ ರುಚಿ ನೋಡಿದ ಮೇಲೆ ಒಪ್ಪುವ ಮಕ್ಕಳೂ ಇದ್ದಾರೆ.

ಆದರೆ ಮಗು ಸಾಕಷ್ಟು ತಿನ್ನುತ್ತಿದೆಯೇ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಲಾಗದು, ತೂಕ ನೋಡಲೇಬೇಕು. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ತಿಂಗಳಿಗೊಮ್ಮೆ ತೂಕ ಹಾಕುತ್ತಾರೆ. ಮೂರು ವರ್ಷದೊಳಗಿನ ಮಕ್ಕಳಿಗೆ ಮನೆಗೆ ಆಹಾರವನ್ನೂ ಕೊಡುತ್ತಾರೆ. ಆ ಪೊಟ್ಟಣ ಮನೆಮಂದಿಗೆಲ್ಲ ಹಂಚಿಹೋಗದಿರಲಿ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಗೆರೆ ಎರಡು ತಿಂಗಳು ಮೇಲೇರದೆ ನಿಂತರೆ, ಅಥವಾ ಕೆಳಗಿಳಿದರೆ, ಕಾರ್ಡನ್ನು ಹಿಡಿದುಕೊಂಡೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.