ಅವಳಿ ಮಕ್ಕಳ ಜನನಕಾಲ ಮತ್ತು ಶಿಶುವಿನ ಆರೋಗ್ಯ

ಒಂದೇ ಬಸಿರಿನಲ್ಲಿ ಎರಡು ಶಿಶುಗಳು ಬೆಳೆಯುವುದು ಪ್ರಕೃತಿಯ ಕ್ರಮವೇ ಹೊರತು ಜೋಡಿ ಬಾಳೆಹಣ್ಣು ತಿಂದುದರ ಫಲವಲ್ಲ. ಆದರೆ ಇಂತಹ ಬಸಿರಿಗೆ ಹೆಚ್ಚಿನ ಎಚ್ಚರಿಕೆ ಬೇಕು. ಆದುದರಿಂದ ಪತಿಪತ್ನಿಯರಿಬ್ಬರೂ ಈ ವಿಷಯವನ್ನು ತಿಳಿದಿರುವುದು ಅವಶ್ಯ.

ಜನನ ಯಾವಾಗ?

ಒಂಟಿ ಶಿಶುವಿನ ಗರ್ಭಕಾಲವು ಕಡೆಯ ಮುಟ್ಟಿನ ಮೊದಲ ದಿನದಿಂದ ಸುಮಾರು 40 ವಾರಗಳು. ಅವಳಿಗಳಲ್ಲಿಯಾದರೋ ಅರ್ಧಕ್ಕಿಂತ ಹೆಚ್ಚಿನವರು 37 ವಾರ ತುಂಬುವ ಮೊದಲೇ ಜನಿಸುತ್ತಾರೆ. ಗರ್ಭಕೋಶವು ಬೇಗನೆ ಹಿಗ್ಗುವುದು ಇದಕ್ಕೆ ಒಂದು ಕಾರಣ. ತಾಯಿಯ ರಕ್ತದೊತ್ತಡ ಏರಿ, ಬೇಗ ಹೆರಿಗೆ ಮಾಡಿಸಬೇಕಾಗುವುದು ಇನ್ನೊಂದು ಕಾರಣ.

ಅವಧಿಗೆ ಮೊದಲು ಹುಟ್ಟಿದ ಶಿಶುವಿನ ತೂಕ ಅನೇಕ ವೇಳೆ 2.5 ಕಿಲೋಗ್ರಾಂಗಿಂತ ಕಡಿಮೆ ಇರುತ್ತದೆ. ಶ್ವಾಸಕೋಶ ಬಲಿಯದೆ ಉಸಿರಾಟಕ್ಕೆ ತೊಂದರೆಯಾಗಬಹುದು. ಮೈ ಬೇಗ ತಣ್ಣಗಾಗುತ್ತದೆ. ಹಾಲು ಚೀಪುವ ಶಕ್ತಿ ಸಾಲದು. ಸೋಂಕು ಸುಲಭವಾಗಿ ತಗಲುತ್ತದೆ.

ಏಳರಲ್ಲಿ ಹುಟ್ಟಿದ ಮಗು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯದು ಎಂಬ ನಂಬಿಕೆ ತಪ್ಪು. ಎಂಟು ತಿಂಗಳ ಶಿಶು ಏಳು ತಿಂಗಳ ಶಿಶುವಿಗಿಂತ ಹೆಚ್ಚು ಬಲಿತಿರುತ್ತದೆ. ಹಾಗೆಂದು 40 ವಾರ ಕಾಯುವುದೂ ಕ್ಷೇಮವಲ್ಲ. 38 ವಾರ ಮೀರಿದರೆ ಅವಳಿಗಳು ಗರ್ಭದಲ್ಲಿಯೇ ಅಸುನೀಗುವ ಅಪಾಯ ಏರುತ್ತದೆ. ತೊಡಕಿಲ್ಲದ ಬಸಿರಿನಲ್ಲಿ ಎರಡು ಶಿಶುಗಳಿಗೂ ಬೇರೆ ಬೇರೆ ಮಾಸು ಇದ್ದರೆ 37ರಿಂದ 38ನೆಯ ವಾರ, ಒಂದೇ ಮಾಸು ಇದ್ದರೆ ಸಾಮಾನ್ಯವಾಗಿ ಇನ್ನೂ ಮೊದಲೇ ವೈದ್ಯರು ಹೆರಿಗೆ ಮಾಡಿಸುತ್ತಾರೆ. ಪಂಚಾಂಗ ನೋಡಿ ಈ ದಿನವನ್ನು ಹಿಂದುಮುಂದು ಮಾಡಬೇಡಿರಿ.

ನೀವು ಮಾಡಬೇಕಾದುದೇನು?

1. ಮುಟ್ಟು ನಿಂತೊಡನೆ ಆಶಾ ಕಾರ್ಯಕರ್ತೆಗೆ ತಿಳಿಸಿ ಹೆಸರು ನೋಂದಾಯಿಸಿರಿ. ಮೂರು ತಿಂಗಳು ತುಂಬುವ ವೇಳೆಗೆ ಸ್ಕ್ಯಾನಿಂಗ್ ಮಾಡಿಸಿರಿ. ಅವಳಿಗಳೋ, ಮಾಸು ಒಂದೋ ಎರಡೋ ಎಂಬುದು ಆಗ ಚೆನ್ನಾಗಿ ತಿಳಿಯುತ್ತದೆ.

2. ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಿರಿ. ಸೊಪ್ಪು, ಬೇಳೆ, ಹಾಲು, ಮೊಟ್ಟೆ ಊಟದಲ್ಲಿರಲಿ.

3. ತವರಿಗೆ ಹೊರಡುವ ಮೊದಲೇ ಹೆರಿಗೆಯ ಆಸ್ಪತ್ರೆಯನ್ನು ನಿರ್ಧರಿಸಿರಿ. ಶಸ್ತ್ರಚಿಕಿತ್ಸೆ, ರಕ್ತ ಹಾಗೂ ನವಜಾತ ಶಿಶು ಘಟಕದ ಸೌಲಭ್ಯ ಅಲ್ಲಿರಬೇಕು. ಅವಳಿ ಹೆರಿಗೆಯ ಬಳಿಕ ತಾಯಿಗೆ ಅತಿಯಾದ ರಕ್ತಸ್ರಾವವಾಗುವ ಸಂಭವ ಹೆಚ್ಚು.

4. ದಿನ ತುಂಬುವ ಮೊದಲೇ ನೋವು, ರಕ್ತಸ್ರಾವ ಅಥವಾ ನೀರು ಹೋಗುವುದು ಕಂಡರೆ ಒಂದು ಗಳಿಗೆಯೂ ತಡಮಾಡದೆ 108ಕ್ಕೆ ಕರೆ ಮಾಡಿರಿ. ಸಕಾಲದಲ್ಲಿ ತಾಯಿಗೆ ಕೊಡುವ ಚುಚ್ಚುಮದ್ದು ಶಿಶುವಿನ ಶ್ವಾಸಕೋಶವನ್ನು ಬಲಪಡಿಸುತ್ತದೆ.

ಹೆರಿಗೆಯ ನಂತರ

ಶಿಶುಗಳನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಅವಚಿಕೊಂಡು ಬೆಚ್ಚಗಿಡಬೇಕು. ಇದನ್ನು ಕಾಂಗರೂ ಆರೈಕೆ ಎನ್ನುತ್ತಾರೆ. ತಂದೆಯೂ ಇದನ್ನು ಮಾಡಬಹುದು. ಮೊದಲ ಹಾಲನ್ನು ಚೆಲ್ಲಬಾರದು. ಪದೇ ಪದೇ ಕುಡಿಸಿದಷ್ಟೂ ಹಾಲು ಹೆಚ್ಚುತ್ತದೆ. ಬಹುಪಾಲು ತಾಯಂದಿರಲ್ಲಿ ಅದು ಇಬ್ಬರಿಗೂ ಸಾಕಾಗುತ್ತದೆ. ಚೀಪಲಾರದ ಶಿಶುವಿಗೆ ಹಾಲನ್ನು ಹಿಂಡಿ, ದಾದಿಯರು ತೋರಿಸಿಕೊಟ್ಟಂತೆ ಒಳಲೆಯಿಂದ ಕುಡಿಸಿರಿ.

ಇಬ್ಬರು ಹಸುಗೂಸುಗಳ ಆರೈಕೆಯಿಂದ ತಾಯಿಯ ದೇಹ ಬಳಲಿರುತ್ತದೆ. ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷಗಳ ಅಂತರವಿರಲಿ. ಕಾಪರ್-ಟಿ, ನಿರೋಧ್ ಮುಂತಾದ ಸಾಧನಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಎರಡು ಮಕ್ಕಳೇ ಸಾಕೆನಿಸಿದರೆ, ದಂಪತಿಗಳಿಬ್ಬರೂ ಕೂಡಿ ವಿಚಾರಮಾಡಿ ವೈದ್ಯರ ಸಲಹೆ ಪಡೆಯಿರಿ.