ಹಳೆಯ ಕೊಳವೆಗಳಿಗೆ ಹೊಸ ಉಸಿರು



ದೇವಾಲಯದ ವಾದ್ಯ ಹಳತಾದಾಗ ಏನು ಮಾಡಬೇಕು? ಹೊಸದನ್ನು ಕೊಳ್ಳಬೇಕೇ, ಹಳೆಯದನ್ನೇ ರಿಪೇರಿ ಮಾಡಿಸಬೇಕೇ? ಪ್ಯಾರಿಸ್ ನಗರದ ಸಂತ ಸುಲ್ಪೀಸರ ಧರ್ಮಕೇಂದ್ರದ ಇತಿಹಾಸದಲ್ಲಿ ಇದಕ್ಕೊಂದು ಪಾಠವಿದೆ.

ಆರ್ಗನ್ ಗಾಳಿಯ ವಾದ್ಯ. ತಿದಿಯಿಂದ ಬಂದ ಗಾಳಿ ಸಾವಿರಾರು ಕೊಳವೆಗಳಲ್ಲಿ ಹಾದು ನಾದವಾಗುತ್ತದೆ. 1781ರಲ್ಲಿ ಕ್ಲಿಕೋ ಎಂಬವರು ಆ ದೇವಾಲಯಕ್ಕೆ ಭವ್ಯವಾದ ಆರ್ಗನ್ ಕಟ್ಟಿಕೊಟ್ಟರು. ಬಳಿಕ ಫ್ರೆಂಚ್ ಕ್ರಾಂತಿ ಬಂತು. ದೇವಾಲಯವನ್ನು ವಿಜಯದ ಮಂದಿರವೆಂದು ಕರೆದರು. 1799ರಲ್ಲಿ ಅದರೊಳಗೇ ನೆಪೋಲಿಯನ್ ಬೋನಪಾರ್ಟೆಗೆ ಔತಣ ನಡೆಯಿತು. ಆರ್ಗನ್ ಇದೆಲ್ಲವನ್ನೂ ದಾಟಿ ಉಳಿಯಿತು.

ಮುಂದೆ ಕವಾಯೆ-ಕೋಲ್ ಎಂಬ ನಿಪುಣರು ಅದನ್ನು ಹೊಸದಾಗಿ ಕಟ್ಟಿ 1862ರಲ್ಲಿ ಪೂರೈಸಿದರು. ಸ್ವರಶ್ರೇಣಿಗಳು ನೂರಾದವು. ಭಾರವಾದ ಮಣೆಗಳನ್ನು ಬೆರಳು ಸುಲಭವಾಗಿ ಒತ್ತುವಂತೆ ಗಾಳಿಯ ಬಲವನ್ನೇ ಬಳಸಿದರು. ಆದರೆ ಕ್ಲಿಕೋ ಮಾಡಿದ ಕೊಳವೆಗಳಲ್ಲಿ ಅನೇಕವನ್ನು ಉಳಿಸಿಕೊಂಡರು. ಹಳೆಯ ಮರದ ಮಂಟಪವನ್ನೂ ಕೆಡವಲಿಲ್ಲ. ಇಂದಿಗೂ ಅಲ್ಲಿ ಎರಡು ಶತಮಾನಗಳ ದನಿ ಒಂದೇ ಉಸಿರಿನಲ್ಲಿ ಕೇಳುತ್ತದೆ. ತನ್ನ ಭಂಡಾರದಿಂದ ಹೊಸದನ್ನೂ ಹಳೆಯದನ್ನೂ ಹೊರತರುವ ಮನೆಯ ಯಜಮಾನನ ಬಗ್ಗೆ ಪ್ರಭು ಹೇಳಿದ್ದು (ಮತ್ತಾಯ 13:52) ನೆನಪಾಗುತ್ತದೆ.

ನಮ್ಮ ಹಾರ್ಮೋನಿಯಂ ಕೂಡ ಅದೇ ಪ್ಯಾರಿಸ್‌ನ ಕೂಸು. 1842ರಲ್ಲಿ ದೆಬೇನ್ ಎಂಬವರು ಅದಕ್ಕೆ ಹಕ್ಕುಪತ್ರ ಪಡೆದರು. ಕೊಳವೆ ಆರ್ಗನ್‌ಗೆ ಹಣವೂ ಜಾಗವೂ ಇಲ್ಲದ ಸಣ್ಣ ಚರ್ಚುಗಳಿಗೆ ಅದು ವರವಾಯಿತು. ಭಾರತಕ್ಕೆ ಬಂದು ಕೈತಿದಿಯ ಪೆಟ್ಟಿಗೆಯಾಗಿ ಹಳ್ಳಿಹಳ್ಳಿ ಸೇರಿತು. ಈಗ ಹಲವೆಡೆ ಅದರ ಜಾಗಕ್ಕೆ ವಿದ್ಯುತ್ ಕೀಬೋರ್ಡ್ ಬಂದಿದೆ.

ಇದು ತಪ್ಪೇ? ಅಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ದೈವಾರಾಧನಾ ಸಂವಿಧಾನದ 120ನೇ ಪರಿಚ್ಛೇದದಲ್ಲಿ ಕೊಳವೆ ಆರ್ಗನ್‌ಗೆ ವಿಶೇಷ ಗೌರವ ಕೊಟ್ಟಿದೆ. ಬೇರೆ ವಾದ್ಯಗಳಿಗೂ ಅವಕಾಶವಿದೆ. ಆದರೆ ಅವು ಪವಿತ್ರ ಬಳಕೆಗೆ ಒಗ್ಗಬೇಕು, ದೇವಾಲಯದ ಘನತೆಗೆ ತಕ್ಕಂತಿರಬೇಕು, ಭಕ್ತರ ಭಕ್ತಿಯನ್ನು ಬೆಳೆಸಬೇಕು.

ಆದ್ದರಿಂದ ಹೊಸ ವಾದ್ಯಕ್ಕೆ ಚಂದಾ ಎತ್ತುವ ಮುನ್ನ ಬೆಲೆಯನ್ನಷ್ಟೇ ವಿಚಾರಿಸಬೇಡಿ. ಇದು ಜನರನ್ನು ಹಾಡಿಸುವುದೇ, ಇಲ್ಲವೇ ಅವರ ಬಾಯಿ ಮುಚ್ಚಿಸುವುದೇ ಎಂದು ಕೇಳಿ. ಗುಂಡಿ ಒತ್ತಿದೊಡನೆ ತಾನೇ ಬಡಿದುಕೊಳ್ಳುವ ತಾಳದ ಅಬ್ಬರದಲ್ಲಿ ಹಿಂದಿನ ಸಾಲಿನ ಅಜ್ಜಿಯ ದನಿ ಅಡಗಿಹೋದರೆ, ನಾವು ಪಡೆದದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಆಕೆ ಕಂಠಪಾಠವಾಗಿ ಬಲ್ಲ ಕೀರ್ತನೆಗಳೇ ನಮ್ಮ ಹಳೆಯ ಕೊಳವೆಗಳು. ವಾದ್ಯ ಬದಲಾಗಲಿ, ಅವು ಉಳಿಯಲಿ. ಈ ವಾರ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಹಿರಿಯರಿಂದ ಅಂಥ ಒಂದು ಕೀರ್ತನೆಯನ್ನು ಮಕ್ಕಳಿಗೆ ಕಲಿಸಿರಿ.