ಗೆಳತಿಯರ ಗುಂಪಿಗೆ ಸೇರುವ ಮುನ್ನ

ಹಿರೇಗುತ್ತಿಯಿಂದ ಬಸ್ಸು ಹತ್ತಿ ಕುಮಟೆಯ ಬಾಳಿಗಾ ಕಾಲೇಜಿಗೋ ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜಿಗೋ ಹೋಗುವ ಹುಡುಗಿ ಸಂಜೆಗೆ ಮನೆ ಸೇರುತ್ತಾಳೆ. ಅವಳ ಗೆಳತಿಯರು ಯಾರೆಂಬುದು ತಾಯಿಗೆ ಗೊತ್ತು. ಗೆಳತಿಯರ ತಾಯಂದಿರೂ ಹೆಚ್ಚಿನವರು ಪರಿಚಿತರೇ. ಅದೇ ಹುಡುಗಿ ಧಾರವಾಡಕ್ಕೋ ಮಂಗಳೂರಿಗೋ ಹೋಗಿ ಹಾಸ್ಟೆಲ್ ಸೇರಿದಳೆಂದರೆ ಮಾತು ಬೇರೆ. ಕಳುಹಿಸುವ ಮೊದಲು ನಾವು ಫೀಸು ವಿಚಾರಿಸುತ್ತೇವೆ, ಊಟ ವಿಚಾರಿಸುತ್ತೇವೆ, ನಮಾಝಿಗೆ ಅನುಕೂಲವಿದೆಯೇ ಎಂದು ಕೇಳುತ್ತೇವೆ, ಉಪ್ಪಿನಕಾಯಿಯ ಡಬ್ಬಿ ಕಟ್ಟಿಕೊಡುತ್ತೇವೆ. ಮೊದಲ ಹದಿನೈದು ದಿನಗಳಲ್ಲಿ ಅವಳು ಎದುರಿಸಲಿರುವ ಒಂದು ಪರೀಕ್ಷೆಯ ಬಗ್ಗೆ ಮಾತ್ರ ಯಾರೂ ಏನನ್ನೂ ಹೇಳುವುದಿಲ್ಲ. ಯಾವ ಗುಂಪು ಅವಳನ್ನು ಸೇರಿಸಿಕೊಳ್ಳುತ್ತದೆ ಎಂಬುದೇ ಆ ಪರೀಕ್ಷೆ.

ನಮ್ಮಲ್ಲಿ ಇದಕ್ಕೆ ಅರ್ಜಿಯೂ ಇಲ್ಲ, ಫಲಿತಾಂಶದ ಪಟ್ಟಿಯೂ ಇಲ್ಲ. ಮೆಸ್ಸಿನಲ್ಲಿ ತಟ್ಟೆ ಹಿಡಿದು ಬಂದ ಹೊಸಬಳಿಗೆ ಯಾರು ಜಾಗ ಕೊಡುತ್ತಾರೆ, ಯಾರು ಪಕ್ಕದ ಕುರ್ಚಿಯ ಮೇಲೆ ಪುಸ್ತಕ ಇಡುತ್ತಾರೆ ಎಂಬುದರಲ್ಲೇ ಎಲ್ಲವೂ ತೀರ್ಮಾನವಾಗುತ್ತದೆ. ಉಡುಪು, ಮೊಬೈಲು, ಇಂಗ್ಲಿಷ್ ಉಚ್ಚಾರ, ತಂದೆಯ ಉದ್ಯೋಗ ಇವೆಲ್ಲ ಅಲ್ಲಿ ಅಂಕಗಳು.

ಅಮೇರಿಕದಲ್ಲಿ ಇದನ್ನೇ ಬಹಿರಂಗವಾಗಿ ನಡೆಸುತ್ತಾರೆ. ಅಲ್ಲಿನ ವಿದ್ಯಾರ್ಥಿನಿಯರ ಸೋದರಿ ಸಂಘಗಳಿಗೆ ಸೊರೊರಿಟಿ ಎಂದು ಹೆಸರು. ಬಹಳಷ್ಟು ಸೊರೊರಿಟಿಗಳಿಗೆ ಸ್ವಂತ ಮನೆಗಳೂ ಇವೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ವರ್ಷಾರಂಭದ ಕೆಲವು ದಿನ ಹೊಸ ಹುಡುಗಿಯರು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿ ಸ್ವಲ್ಪ ಹೊತ್ತು ಮಾತಾಡಿ ಬರಬೇಕು. ಹುಡುಗಿ ತನಗೆ ಇಷ್ಟವಾದ ಮನೆಗಳನ್ನು ಕ್ರಮವಾಗಿ ಬರೆದುಕೊಡುತ್ತಾಳೆ, ಮನೆಯವರು ತಮಗೆ ಬೇಕಾದ ಹುಡುಗಿಯರನ್ನು ಬರೆಯುತ್ತಾರೆ. ಸುತ್ತಿನಿಂದ ಸುತ್ತಿಗೆ ಪಟ್ಟಿ ಕಿರಿದಾಗುತ್ತದೆ. ಕೊನೆಯ ದಿನ ಕೆಲವರ ಕೈಗೆ ಆಹ್ವಾನಪತ್ರ ಬರುತ್ತದೆ, ಉಳಿದವರು ಅಳುತ್ತಾ ಕೋಣೆಗೆ ಮರಳುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳ ಹೆಣ್ಣುಮಕ್ಕಳಿಗೂ ಕಾಲೇಜು ಸೇರಿದಾಗ ಈ ಬಾಗಿಲು ಎದುರಾಗುತ್ತದೆ.

2013ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯೊಂದು ಈ ಆಯ್ಕೆಯ ಒಳಗುಟ್ಟನ್ನು ಬಯಲು ಮಾಡಿತು. ಓದಿನಲ್ಲಿ ಬಹಳ ಮುಂದಿದ್ದ ಕರಿಯ ಹುಡುಗಿಯೊಬ್ಬಳನ್ನು ಸೇರಿಸಿಕೊಳ್ಳಲು ಸದಸ್ಯೆಯರು ಸಿದ್ಧರಿದ್ದರೂ ಸಂಘದ ಹಳೆಯ ವಿದ್ಯಾರ್ಥಿನಿಯರು ಅಡ್ಡ ಬಂದಿದ್ದರು. ಗದ್ದಲವೆದ್ದ ಮೇಲೆಯೇ ಬಾಗಿಲು ತೆರೆಯಿತು. ಸೋದರಿ ಎಂಬ ಹೆಸರಿಟ್ಟುಕೊಂಡು ಮೈಬಣ್ಣ ನೋಡಿದವರು ಇವರು! ಆದರೆ ದೂರದವರನ್ನು ದೂರುವುದು ಸುಲಭ. ನಮ್ಮ ವಿಷಯಕ್ಕೆ ಬರೋಣ.

ಸೂರಃ ಅಲ್ ಹುಜುರಾತ್‌ನ 11ನೆಯ ಸೂಕ್ತವನ್ನು ತೆಗೆದು ಓದಿರಿ. ಒಬ್ಬರನ್ನೊಬ್ಬರು ಅಪಹಾಸ್ಯ ಮಾಡಬಾರದೆಂದು ಜನರಿಗೆ ಸಾಮಾನ್ಯವಾಗಿ ಹೇಳಿದ ಬಳಿಕ ಅಲ್ಲಾಹನು ಸ್ತ್ರೀಯರನ್ನು ಪ್ರತ್ಯೇಕವಾಗಿ ಹೆಸರಿಸಿ ಅದೇ ಮಾತನ್ನು ಮತ್ತೆ ಹೇಳುತ್ತಾನೆ. ಯಾರನ್ನು ನೀವು ಹಗುರವಾಗಿ ಕಾಣುತ್ತೀರೋ ಅವರು ನಿಮಗಿಂತ ಉತ್ತಮರಾಗಿರಬಹುದು ಎಂಬುದೇ ಕಾರಣ. ಅಡ್ಡಹೆಸರಿಟ್ಟು ಕರೆಯುವುದನ್ನೂ ಅಲ್ಲೇ ನಿಷೇಧಿಸಲಾಗಿದೆ. ಹಾಸ್ಟೆಲಿನ ಗುಂಪುಗಳು ಗಟ್ಟಿಯಾಗುವುದು ಈ ಎರಡರಿಂದಲೇ ಅಲ್ಲವೇ? ಹೊರಗಿನವಳೊಬ್ಬಳಿಗೆ ಹೆಸರಿಟ್ಟು ನಕ್ಕರೆ ಒಳಗಿನವರಿಗೆ ತಾವೆಲ್ಲ ಒಂದೇ ಎಂಬ ಭಾವ ಬರುತ್ತದೆ. ಹೊಸಬಳು ಒಳಗೆ ಸೇರಲು ತೆರುವ ಮೊದಲ ಶುಲ್ಕವೂ ಆ ನಗುವೇ. ಅದನ್ನು ತೆರಬೇಡಿ. ಒಂಟಿಯಾಗಿ ಉಣ್ಣುವುದು ಕಷ್ಟ, ಅದರಲ್ಲೂ ಮೊದಲ ವಾರ ಬಹಳ ಕಷ್ಟ, ಒಪ್ಪುತ್ತೇನೆ. ಆದರೂ ಬೇಡಿ.

ಹಾಗಾದರೆ ಗುಂಪೇ ಬೇಡವೇ? ಹಾಗೆ ಹೇಳುವವರಿದ್ದಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಪ್ರವಾದಿತ್ವಕ್ಕೆ ಮುಂಚೆ, ಯೌವನದಲ್ಲಿ, ಪ್ರವಾದಿವರ್ಯರು(ಸ) ಮಕ್ಕಾದ ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಒಂದು ಒಪ್ಪಂದದಲ್ಲಿ ಭಾಗವಹಿಸಿದ್ದರು. ಯಮನಿನಿಂದ ಬಂದ ವ್ಯಾಪಾರಿಯೊಬ್ಬನ ಸರಕು ಪಡೆದು ಮಕ್ಕಾದ ಪ್ರಮುಖನೊಬ್ಬ ಹಣ ಕೊಡದೆ ಹೋಗಿದ್ದ. ಅನ್ಯಾಯಕ್ಕೊಳಗಾದವನು ಊರಿನವನಾಗಲಿ ಪರದೇಶಿಯಾಗಲಿ, ಅವನ ಹಕ್ಕು ಸಿಗುವವರೆಗೆ ಜೊತೆಗೆ ನಿಲ್ಲುತ್ತೇವೆ ಎಂದು ಅಲ್ಲಿ ಸೇರಿದವರು ಪಣ ತೊಟ್ಟರು. ಹಿಲ್ಫುಲ್ ಫುದೂಲ್ ಎಂದು ಅದರ ಹೆಸರು. ಇಸ್ಲಾಮಿನ ಬಳಿಕವೂ ಅಂತಹ ಒಪ್ಪಂದಕ್ಕೆ ಕರೆದರೆ ಬರುತ್ತೇನೆಂದು ಅವರು(ಸ) ಹೇಳಿದ್ದರು. ಅದರಲ್ಲಿದ್ದವರು ಮುಸ್ಲಿಮರಾಗಿರಲಿಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ಗೆಳತಿಯರ ಕೂಟದ ಹೆಸರು ನೋಡುವುದಕ್ಕಿಂತ, ಅವರು ಕೂಡಿ ಏನು ಮಾಡುತ್ತಾರೆ, ಕೂಟದಲ್ಲಿ ಇಲ್ಲದವಳ ಬಗ್ಗೆ ಹೇಗೆ ಮಾತಾಡುತ್ತಾರೆ ಎಂಬುದನ್ನು ನೋಡಿ. ಜ್ವರ ಬಂದು ಮಲಗಿದವಳಿಗೆ, ಅವಳು ತಮ್ಮವಳಲ್ಲದಿದ್ದರೂ, ಗಂಜಿ ತಂದುಕೊಡುವ ಹಿಂದೂ ಗೆಳತಿಯರ ಕೂಟ ನಿಮಗೆ ಸಿಕ್ಕಿದರೆ ಅದೃಷ್ಟವೆಂದು ತಿಳಿಯಿರಿ.

ಯಾವ ಕೂಟವೂ ಕರೆಯದವಳಿಗೆ ಮದೀನಾದ ಒಂದು ಘಟನೆ ನೆನಪಿಸುತ್ತೇನೆ. ಎಲ್ಲವನ್ನೂ ಬಿಟ್ಟು ಬಂದ ಮುಹಾಜಿರ್‌ಗಳಿಗೂ ಸ್ಥಳೀಯ ಅನ್ಸಾರ್‌ಗಳಿಗೂ ಪ್ರವಾದಿವರ್ಯರು(ಸ) ಸಹೋದರ ಸಂಬಂಧ ಬೆಸೆದರು. ಅಲ್ಲಿ ಯಾರನ್ನೂ ಪರೀಕ್ಷಿಸಿ ಹೊರಗಿಡಲಿಲ್ಲ. ಸಅದ್ ಬಿನ್ ರಬೀಅ್(ರ) ತಮ್ಮ ಸಹೋದರ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅರ್ಧ ಸಂಪತ್ತನ್ನೇ ಕೊಡಲು ಮುಂದಾದರು. ಅಬ್ದುರ್ರಹ್ಮಾನ್(ರ) ಅವರಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಯ ದಾರಿ ತೋರಿಸಿದರೆ ಸಾಕೆಂದರು. ತುಪ್ಪ, ಒಣಮೊಸರಿನ ವ್ಯಾಪಾರದಿಂದ ತಮ್ಮ ಕಾಲ ಮೇಲೆ ನಿಂತರು. ನಿಮ್ಮ ಮಾರುಕಟ್ಟೆ ಗ್ರಂಥಾಲಯ, ಎನ್.ಎಸ್.ಎಸ್. ಶಿಬಿರ, ಆಟದ ಮೈದಾನ. ಕೆಲಸ ಮಾಡುತ್ತಾ ಸಿಕ್ಕುವ ಗೆಳತಿ ನಿಧಾನವಾಗಿ ಸಿಗುತ್ತಾಳೆ, ಆದರೆ ಬಹುಕಾಲ ಉಳಿಯುತ್ತಾಳೆ.

ಇನ್ನೊಂದು ಮಾತು ನಮ್ಮವರಿಗೇ. ಮುಸ್ಲಿಮ್ ಹುಡುಗಿಯರೇ ತುಂಬಿರುವ ಕಡೆ ಈ ರೋಗವಿಲ್ಲವೆಂದು ಭಾವಿಸಬೇಡಿ. ನವಾಯತಿ ಮಾತಾಡುವವರು ಒಂದೆಡೆ, ಉರ್ದುವಿನವರು ಒಂದೆಡೆ, ಬ್ಯಾರಿಗಳು ಇನ್ನೊಂದೆಡೆ ಕುಳಿತರೆ, ಹಳ್ಳಿಯಿಂದ ಬಂದು ಕನ್ನಡ ಮಾತ್ರ ಸರಾಗವಾಗಿ ಬಲ್ಲ ಹುಡುಗಿ ಎಲ್ಲಿ ಕೂರಬೇಕು? ಮುಂದಿನ ವರ್ಷ ನಿಮ್ಮ ಮಗಳೇ ಹಿರಿಯಳು. ಕಿರಿಯರು ಅವಳನ್ನು ಅಕ್ಕ ಎಂದು ಕರೆಯುತ್ತಾರೆ.

ಸೇರಿಸಿಕೊಳ್ಳುವ ನೆಪದಲ್ಲಿ ಹಿರಿಯರು ಅವಮಾನಿಸಿದರೆ, ಹೆದರಿಸಿದರೆ ಅದು ತಮಾಷೆಯಲ್ಲ, ರ‍್ಯಾಗಿಂಗ್. ಯು.ಜಿ.ಸಿ.ಯ 2009ರ ನಿಯಮಗಳು ಅದನ್ನು ನಿಷೇಧಿಸಿವೆ. ಧರ್ಮ, ಜಾತಿ, ಭಾಷೆ, ಊರು, ಬಣ್ಣದ ಕಾರಣಕ್ಕೆ ಪೀಡಿಸುವುದೂ ರ‍್ಯಾಗಿಂಗ್ ಎಂದು 2016ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಪ್ರವೇಶದ ವೇಳೆ ತಂದೆತಾಯಿಯರೂ ಮುಚ್ಚಳಿಕೆಗೆ ಸಹಿ ಹಾಕಬೇಕು, ಓದದೆ ಹಾಕಬೇಡಿ. ದೂರಿಗೆ 1800-180-5522 ಎಂಬ ಉಚಿತ ಸಹಾಯವಾಣಿಯಿದೆ. ಮಗಳು ಫೋನಿನಲ್ಲಿ ಚೆನ್ನಾಗಿದ್ದೇನೆ ಎಂದಷ್ಟೇ ಹೇಳಿದರೆ, ಇವತ್ತು ಯಾರ ಜೊತೆ ಕೂತು ಉಂಡೆ ಎಂದು ಕೇಳಿ.